ಮಾವನ ಬೀರುವಿಗೆ ಜ್ವರ

ನಮ್ಮ ಸೋದರಮಾವ ಇದುವರೆಗೆ ಯಾವ ನೆಂಟರನ್ನೂ "ಆರಾಮಿದ್ದೀರಾ" ಎಂದು ಕೇಳಿದ್ದನ್ನು ಯಾರೂ ಕೇಳಿಲ್ಲ. ಆದರೆ ಒಂದು ಗೋಡೆಬೀರುವಿನ ಆರೋಗ್ಯವನ್ನು ಮಾತ್ರ ಗಳಿಗೆಗೊಮ್ಮೆ ವಿಚಾರಿಸುತ್ತಾರೆ. ಮನುಷ್ಯರಿಗೆ ಜ್ವರ ಬಂದರೆ ಮಾತ್ರೆ ತರಲು ಮರೆಯುವ ಈ ಮಹಾನುಭಾವರು ಬೀರುವಿನ ಮೈ ಬಿಸಿಯಾದರೆ ಊಟದ ಎಲೆಯಿಂದ ಎದ್ದು ಹೋಗುತ್ತಾರೆ!

ಬೀರು ಅಂದರೆ ಸೀರೆ ಇಡುವ ಬೀರು ಅಲ್ಲ. ಮಾವ ಹೊನ್ನಾಳಿಯಲ್ಲಿ ಮನೆಮನೆಗೆ ಇಂಟರ್‌ನೆಟ್ ಕೊಡುವವರು. ಅವರ ಯಂತ್ರಗಳೆಲ್ಲ ಪಡಸಾಲೆಯ ಗೋಡೆಬೀರುವಿನಲ್ಲಿವೆ. ನಮ್ಮ ಬೀದಿ, ಪಕ್ಕದ ಬೀದಿ, ಹೊಳೆದಂಡೆಯ ಓಣಿ, ಎಲ್ಲರ ಮೊಬೈಲಿನ ಜೀವ ಅಲ್ಲಿ ಹಸಿರು ದೀಪವಾಗಿ ಮಿನುಗುತ್ತಿರುತ್ತದೆ. ಯಂತ್ರಗಳು ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತವೆ, ಬಿಸಿ ಹೆಚ್ಚಾದರೆ ಮುಷ್ಕರ ಹೂಡುತ್ತವೆ. ಅದಕ್ಕೆಂದು ಮಾವ ಬೀರುವಿನ ಬಾಗಿಲಿಗೆ ಎರಡು ಪುಟ್ಟ ಫ್ಯಾನು ಕೂರಿಸಿ, ಹೊರಗೆ ಒಂದು ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿದರು. ಅದೊಂದು ಬಿಳಿ ಡಬ್ಬಿ. ಅದರ ವೈರಿನ ತುದಿಯಲ್ಲಿರುವ ಸೆನ್ಸರು ಬೀರುವಿನೊಳಗೆ ನೇತಾಡುತ್ತ ಶಾಖ ಅಳೆಯುತ್ತದೆ. ಮೂವತ್ತೈದು ಡಿಗ್ರಿ ದಾಟಿದರೆ ಫ್ಯಾನುಗಳು ತಾವೇ ತಿರುಗುತ್ತವೆ, ಇಳಿದರೆ ತಾವೇ ನಿಲ್ಲುತ್ತವೆ. ಎಲ್ಲವೂ ಮಾವನ ಮೊಬೈಲಿನಲ್ಲಿ ಕಾಣುತ್ತದೆ.

ಕಾಣುತ್ತದೆ ಎಂದು ನೋಡುತ್ತಲೇ ಇರಬೇಕೆ? ಒಮ್ಮೆ ಸವಳಂಗಕ್ಕೆ ನೆಂಟರ ಹುಡುಗನಿಗೆ ಹೆಣ್ಣು ನೋಡಲು ಹೋಗಿದ್ದರು. ಹುಡುಗಿ ಚಹಾದ ತಟ್ಟೆ ಹಿಡಿದು ಎದುರಿಗೆ ಬಂದು ನಿಂತ ಹೊತ್ತಿಗೇ ಮಾವ ಮೊಬೈಲು ನೋಡಿ, "ಬಿಸಿ ಸ್ವಲ್ಪ ಜಾಸ್ತಿ ಐತೆ" ಅಂದರು.

ಹುಡುಗಿಯ ಅಪ್ಪ ಗಾಬರಿಯಾಗಿ, "ಆರಿಸ್ಕೊಂಡು ಬರಾಕೆ ಹೇಳ್ಲೇನ್ರಿ?" ಎಂದರಂತೆ.

"ಚಾ ಅಲ್ರಿ, ನಮ್ಮ ಬೀರು."

ಪುಣ್ಯಕ್ಕೆ ಸಂಬಂಧವೇನೋ ಕೂಡಿತು. ಆದರೆ ಆಮೇಲೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಮಾವನನ್ನು ಯಾರೂ ಕರೆದಿಲ್ಲ.

ನಮ್ಮ ಅತ್ತೆಗೆ ಬೀರುವಿನ ಮೇಲೆ ಹೊಟ್ಟೆಕಿಚ್ಚಿಲ್ಲ. ಅದರಿಂದ ಕೆಲಸ ತೆಗೆಯುವುದು ಅವರಿಗೆ ಗೊತ್ತು. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುಳಿ ಬರದಿದ್ದರೆ ಪಾತ್ರೆಯನ್ನು ಸದ್ದಿಲ್ಲದೆ ಯಂತ್ರಗಳ ಪಕ್ಕ ಇಟ್ಟುಬಿಡುತ್ತಿದ್ದರು. ಒಂದು ದಿನ ಹಿಟ್ಟು ಉಕ್ಕಿ ವೈರುಗಳ ಮೇಲೆಲ್ಲ ಇಳಿಯಿತು.

"ಇದು ಬೀರೋ, ಅಡಿಗೆಮನೆಯೋ?" ಎಂದು ಮಾವ ಹಾರಾಡಿದರು.

"ಇಷ್ಟು ವರ್ಷಕ್ಕೆ ನಿಮ್ಮ ಬೀರು ಮನೆಗೊಂದು ಉಪಕಾರ ಮಾಡೈತೆ, ಬಯ್ಯಬ್ಯಾಡ್ರಿ ಅದನ್ನ" ಎಂದು ಅತ್ತೆ ಹಿಟ್ಟು ಬಳಿದುಕೊಂಡು ಹೋದರು.

ಇಂಥ ಮನೆಗೆ ನಾನು ಬಾಣಂತನಕ್ಕೆ ಹೋದೆ. ನನಗೆ ಅಮ್ಮ ಇಲ್ಲ, ತವರು ಅಂದರೆ ಮಾವನ ಮನೆಯೇ. ಮಗ ದಿನ ತುಂಬುವ ಮೊದಲೇ ಹುಟ್ಟಿದ್ದ. ಎರಡು ಕೆಜಿಯೂ ತೂಗುತ್ತಿರಲಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಒತ್ತಿ ಹೇಳಿದ್ದು ಒಂದೇ ಮಾತು, ಮಗುವಿನ ಮೈ ತಣ್ಣಗಾಗಬಾರದು. ಹೊರಗೆ ನೋಡಿದರೆ ಜಡಿಮಳೆ. ನನಗೆ ನಿದ್ದೆಯಲ್ಲೂ ಅದೇ ದಿಗಿಲು. ಎದ್ದೆದ್ದು ಅವನ ಅಂಗಾಲು ಮುಟ್ಟಿ ನೋಡುತ್ತಿದ್ದೆ.

ಮಾವ ಏನು ಮಾಡುತ್ತಿದ್ದರು? ಹೊಸ್ತಿಲಾಚೆ ನಿಂತು "ಹೆಂಗೈತೆ ಕೂಸು?" ಎನ್ನುವುದು, ನಾನು ಬಾಯಿ ತೆರೆಯುವಷ್ಟರಲ್ಲಿ ಮೊಬೈಲು ನೋಡುವುದು. ಒಂದು ಸಲವೂ ಒಳಗೆ ಬಂದು ತೊಟ್ಟಿಲಿಗೆ ಬಗ್ಗಲಿಲ್ಲ, ಮಗುವನ್ನು ಎತ್ತಿಕೊಳ್ಳಲಿಲ್ಲ. ಕೆಲಸಕ್ಕೆ ನ್ಯಾಮತಿಗೆ ಹೋದರೆ ಅಲ್ಲಿಂದ ಫೋನು, "ಕಿಟಕಿ ಹಾಕ್ರಿ, ತಂಡಿ ಆಗ್ತೈತೆ." ಅಲ್ಲಿ ಮಳೆ ಹಿಡಿದಿರಬೇಕು ಎಂದುಕೊಂಡು ನಾನು ಕಿಟಕಿ ಹಾಕುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ತುಂಬ ಬೇಜಾರಾಗಿತ್ತು. ಬೀರುವಿಗೆ ತೋರಿಸುವ ಕಾಳಜಿಯಲ್ಲಿ ಒಂದು ಪಾಲು ನನ್ನ ಮಗನಿಗೆ ಬೇಡವೇ? ಅಮ್ಮ ಇದ್ದಿದ್ದರೆ ಹೀಗಾಗುತ್ತಿತ್ತೇ ಎಂದು ಗೋಡೆ ಕಡೆ ಮುಖ ಮಾಡಿ ಅತ್ತದ್ದೂ ಉಂಟು.

ಮಳೆ ಬಿಟ್ಟು ಚುರುಕು ಬಿಸಿಲು ಬಿದ್ದ ಒಂದು ದಿನ, ಮಧ್ಯಾಹ್ನದ ಹೊತ್ತಿಗೆ ಇಂಟರ್‌ನೆಟ್ ನಿಂತುಹೋಯಿತು. ಮಾವ ನ್ಯಾಮತಿಯಲ್ಲಿದ್ದರು. ಎದುರುಮನೆಯ ಟೈಲರ್ ಸಾಬರು ಬಾಗಿಲಿಗೆ ಬಂದು, "ಅಮ್ಮಾ, ನೆಟ್ ಹೋಗೈತಲ್ರಿ" ಎಂದರು. ಅತ್ತೆ ಬೀರು ತೆರೆದರೆ ಒಲೆಯ ಮುಂದೆ ಕೂತಂಥ ಶಾಖ. ಫ್ಯಾನುಗಳು ಮಾತ್ರ ತೆಪ್ಪಗಿವೆ. ಅತ್ತೆ ಮಾವನಿಗೆ ಫೋನು ಮಾಡಿದರು.

"ನೆಟ್ ಹೋಗೋ ಮುಂಚೆ ನೋಡೀನಿ, ಇಪ್ಪತ್ತೊಂಬತ್ತೇ ಇತ್ತಲ್ಲ, ಆರಾಮೈತೆ" ಎಂದರು ಮಾವ.

"ಎಲ್ಲಿ ಆರಾಮ್ರಿ? ಬೀರಿನಾಗೆ ಕೈ ಇಡಾಕೆ ಆಗಲ್ಲ."

ಮಾವ ತಟ್ಟನೆ "ಬಂದೆ" ಎಂದು ಫೋನಿಟ್ಟರು.

ಅಷ್ಟರಲ್ಲಿ ಮಗುವಿಗೆ ನೀರೆರೆಯುವ ಹೊತ್ತಾಗಿತ್ತು. ಅತ್ತೆ ಎರೆದು, ಒರೆಸಿ, ಲೋಬಾನ ಹಾಕಿದ ಕೆಂಡದ ಬಟ್ಟಲನ್ನು ತೊಟ್ಟಿಲ ಹತ್ತಿರ ತಂದರು. ತಂದದ್ದೇ ತಡ, ಪಡಸಾಲೆಯಲ್ಲಿ ಫ್ಯಾನುಗಳು ಭರ್ರೆಂದು ತಿರುಗತೊಡಗಿದವು. ಕೆಂಡ ಇಲ್ಲಿ, ಫ್ಯಾನು ಅಲ್ಲಿ, ಇದ್ಯಾವ ನೆಂಟಸ್ತಿಕೆ? ಅತ್ತೆ ಹೋಗಿ ಬಿಳಿ ಡಬ್ಬಿಯಿಂದ ಹೊರಟ ವೈರಿನ ಜಾಡು ಹಿಡಿದರು. ಅದು ಬೀರುವಿನೊಳಗೆ ಹೋಗುವ ಬದಲು ಗೋಡೆ ಹತ್ತಿ, ನನ್ನ ಕೋಣೆಯ ಜಂತಿಗುಂಟ ಬಂದು, ತೊಟ್ಟಿಲ ಹಗ್ಗಕ್ಕೆ ಸುತ್ತಿಕೊಂಡು ಇಳಿದಿತ್ತು. ತುದಿಯಲ್ಲಿ ಮಗುವಿನ ತಾಯತ! ಕರಿದಾರದಂಥ ವೈರು, ಉಕ್ಕಿನ ಪುಟ್ಟ ಕೊಳವೆ. ಅತ್ತೆ ಕಟ್ಟಿದ್ದಾರೆ ಎಂದು ನಾನು ತಿಳಿದಿದ್ದೆ. ನಾನು ದರ್ಗಾದಿಂದ ತರಿಸಿದ್ದೇನೆ ಎಂದು ಅತ್ತೆ ತಿಳಿದಿದ್ದರು. ಅಷ್ಟೇ ಅಲ್ಲ, ದಿನವೂ ಅದಕ್ಕೆ ಭಕ್ತಿಯಿಂದ ವಿಭೂತಿ ಹಚ್ಚುತ್ತಿದ್ದರು. ಅದು ಬೀರುವಿನ ಸೆನ್ಸರು.

ಮಾವ ಬೈಕಿಳಿದು ಓಡಿಬಂದರು. ಬಾಗಿಲಲ್ಲಿ ಸಾಬರು, ಒಳಗೆ ವೈರು ಹಿಡಿದ ಅತ್ತೆ. ಸಿಕ್ಕಿಬಿದ್ದ ಮುಖ ಮಾಡಿಕೊಂಡು ಹೊಸ್ತಿಲಲ್ಲೇ ನಿಂತರು.

"ನೀವು ಆಸ್ಪತ್ರೆಯಿಂದ ಬರೋ ಮುಂಚೇನೇ ತೊಟ್ಟಿಲಿಗೆ ಕಟ್ಟಿದ್ದೆ. ಇನ್ನೊಂದು ಸೆನ್ಸರ್ ತರ್ಸಾಕೆ ಹೇಳೀನಿ, ಬಂದಿಲ್ಲ. ಮಳೆ ದಿನದಾಗೆ ಬೀರು ಹೆಂಗೋ ತಡ್ಕಂತೈತೆ ಅಂದ್ಕಂಡಿದ್ದೆ" ಎಂದರು.

"ಇಷ್ಟೆಲ್ಲ ಯಾಕೆ ಮಾವ? ಒಳಗೆ ಬಂದು ಕೂಸಿನ ಮೈ ಮುಟ್ಟಿ ನೋಡಿದ್ರೆ ಆಗ್ತಿತ್ತಲ್ಲ?"

ಮಾವ ತಮ್ಮ ಅಂಗೈಗಳನ್ನು ನೋಡಿಕೊಂಡರು. "ಹೆದ್ರಿಕೆ ಆಗ್ತೈತವ್ವ. ಅಷ್ಟು ಸಣ್ಣದೈತೆ ಅದು. ನನ್ನ ಕೈ ವೈರು ಎಳೆದೂ ಎಳೆದೂ ಒರಟಾಗ್ಯಾವೆ."

ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ದಿನ ಮಾವ ಮೊಬೈಲಿನಲ್ಲಿ ನೋಡುತ್ತಿದ್ದದ್ದು ನನ್ನ ಮಗನನ್ನು. "ಕೈ ತೊಳ್ಕೊಂಡು ಬರ್ರಿ ಮಾವ" ಎಂದೆ. ಸೋಪು ಹಚ್ಚಿ ತೊಳೆದು ಬಂದು ಚಾಪೆಯ ಮೇಲೆ ಕೂತರು. ಮಗುವನ್ನು ಅವರ ಎರಡೂ ಅಂಗೈಗಳ ಮೇಲೆ ಮಲಗಿಸಿದೆ. ಮಾವ ಉಸಿರು ಬಿಗಿಹಿಡಿದು ಕೂತರು. ಅವರ ಜೇಬಿನಲ್ಲಿ ಮೊಬೈಲು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು, ಅರ್ಧ ಊರಿಗೆ ನೆಟ್ ಇರಲಿಲ್ಲ. ಸಾಬರು "ನಿಧಾನಕ್ಕೆ ಆಗ್ಲಿ ಬಿಡ್ರಿ" ಎಂದು ಹೇಳಿ ಮೆಲ್ಲಗೆ ಹೊರಟುಹೋದರು.

"ಬೆಚ್ಚಗೈತೆ" ಎಂದರು ಮಾವ, ಮಗುವಿನಿಂದ ಕಣ್ಣು ತೆಗೆಯದೆ. "ಬೆಚ್ಚಗೈತೆ ಕಣವ್ವ."