ಮಹಿಷೀಚಿತ್ರ ವಾರ್ನಿಷ್ ವಿಜಯ

ಕಾದ ಹಂಚಿನ ಅಧಿದೇವತೆಯೇ, ನಾಲಗೆಗೆ ಬಲ ಕೊಡು. ಉಂಡು ಎಲೆಯಡಿಕೆ ಮೆಲ್ಲುತ್ತಿರುವ ಮಹನೀಯರೇ, ಕಿವಿ ಕೊಡಿ. ಗದುಗಿನ ಬಸ್ ನಿಲ್ದಾಣದ ಹಿಂದಿನ ಓಣಿಯ ಖಾನಾವಳಿಯೊಂದರಲ್ಲಿ, ಧೂಳು ದಿನವೂ ದಿಗ್ವಿಜಯಕ್ಕೆ ಹೊರಡುತ್ತಿದ್ದ, ಕರೆಂಟು ಮನಸ್ಸು ಬಂದಾಗ ಮಾತ್ರ ದರ್ಶನ ಕೊಡುತ್ತಿದ್ದ ಆ ಪ್ರಚಂಡ ಗ್ರೀಷ್ಮಯುಗದಲ್ಲಿ, ನಿತ್ಯರೊಟ್ಟಿತಾಡನಕಠೋರಹಸ್ತೆಯೂ, ಮೊಣಕೈವರೆಗೆ ಜೋಳದ ಹಿಟ್ಟನ್ನೇ ಕವಚವಾಗಿ ತೊಟ್ಟವಳೂ, ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ಬೆರಳೆತ್ತಿ ಮಾತ್ರ ಉತ್ತರಿಸಿ ಒಂಬತ್ತನೆಯ ತರಗತಿಗೇ ಅದಕ್ಕೆ ಬೆನ್ನು ತಿರುಗಿಸಿದ ಮೌನವ್ರತಧುರಂಧರೆಯೂ ಆದ ದಾಕ್ಷಾಯಣಿ ಎಂಬ ವೀರಾಂಗನೆ ಇದ್ದಳು.

ಆಕೆ ಅಕ್ರಿಲಿಕ್ ಬಣ್ಣದಲ್ಲಿ ಒಂದು ಎಮ್ಮೆಯ ಚಿತ್ರ ಬರೆದಿದ್ದಳು. ಊಟದ ತಾಟಿಗಿಂತ ತುಸು ದೊಡ್ಡದು.

ಅದು ಖಾನಾವಳಿಯ ಗೋಡೆ ಏರಬೇಕು, ಪರಸ್ಥಳದವರು ಅದನ್ನು ನೋಡಬೇಕು, ತಾನು ಒಲೆಯ ಹಿಂದೆ ಅಡಗಿ ಅವರನ್ನು ನೋಡಬೇಕು ಎಂಬುದು ಆ ವೀರಹೃದಯದ ಪರಮಗುಪ್ತ ಮನೋರಥ. ಚಿತ್ರ ಮಂಚದ ಕೆಳಗಿತ್ತು. ಖಾನಾವಳಿಯ ಒಡತಿ, ಆಕೆಯ ಚಿಗವ್ವ, ಎಣ್ಣೆಗಾಯಿಪಾಕಸಾಮ್ರಾಜ್ಞಿ ಈರವ್ವ ಕಸ ಹೊಡೆಯುವಾಗ ಅದನ್ನು ಎಳೆದು ನೋಡಿ, ಶಾಸನ ಹೊರಡಿಸಿದಳು.

“ಗ್ವಾಡಿಗೆ ಹಾಕೋಣಂತ. ಆದ್ರ ಇಲ್ಲಿ ಒಗ್ಗರಣಿ ಹೊಗಿ ಹತ್ತತೈತಿ, ಝುಣಕ ಸಿಡಿತೈತಿ. ಹಸಿ ಅರಬಿಲೆ ಒರಸಿದ್ರ ಜಿಡ್ಡ ಹೋಗ್ಬೇಕು, ಬಣ್ಣ ಉಳೀಬೇಕು. ಇಲ್ಲಂದ್ರ ತಿರುಗಿ ಮಂಚದ ಬುಡಕ.”

ಹಾಗಾಗಿ ವಾರ್ನಿಷ್.

ಮಧ್ಯಾಹ್ನದ ಊಟದವರು ಚದುರಿದ ಮೇಲೆ ದಾಕ್ಷಾಯಣಿ ಮಂಚವಿದ್ದ ಕೋಣೆಯ ನೆಲ ಒರೆಸಿದಳು, ಚಿತ್ರವನ್ನು ಮೇಜಿನ ಮೇಲಿಟ್ಟಳು, ಕಿಟಕಿ ಮುಚ್ಚಿದಳು, ಕೋಣೆಗಿದ್ದ ಒಂದೇ ಒಂದು ಫ್ಯಾನನ್ನು ಆರಿಸಿದಳು. ಏಕೆಂದರೆ ಆ ಕೋಣೆಯ ಸಂದುಗೊಂದುಗಳಲ್ಲೆಲ್ಲ ಜೋಳದ ಹಿಟ್ಟಿನ ಅಕ್ಷೌಹಿಣಿ ಹೊಂಚು ಹಾಕಿ ಕುಳಿತಿತ್ತು. ರೆಕ್ಕೆ ಒಂದು ಸುತ್ತು ತಿರುಗಿದರೆ ಸಾಕು, ಹಸಿ ವಾರ್ನಿಷಿನ ಮೇಲಿಳಿದು ಅಲ್ಲೇ ಶಾಶ್ವತ ಬಿಡಾರ ಹೂಡುವುದು ನಿಶ್ಚಿತ. ಅಗಲ ಬ್ರಶ್ಶನ್ನು ಅದ್ದಿ, ಬಾಟಲಿಯ ಬಾಯಿಗೆ ಸವರಿ, ಉಸಿರು ಬಿಗಿಹಿಡಿದು, ರಥಚಕ್ರ ರಣಭೂಮಿಯನ್ನು ಸೀಳುವಂತೆ ಕೊಂಬಿನಿಂದ ಬಾಲದವರೆಗೆ ಒಂದೇ ಸಲಕ್ಕೆ ಎಳೆದಳು. ಎಳೆದ ಗೆರೆಯ ಮೇಲೆ ಮರಳಿ ಕೈಯಾಡಿಸಬಾರದು, ಆಡಿಸಿದರೆ ಕಲೆ ನಿಲ್ಲುತ್ತದೆ ಎಂಬ ಯುದ್ಧಧರ್ಮ ಆಕೆಗೆ ಗೊತ್ತಿತ್ತು. ಅದಕ್ಕೂ ಮುಂಚೆ ಎರಡು ಕೋಳಿ, ಒಂದು ಮೇಕೆಯ ಚಿತ್ರಗಳನ್ನು ಹಾಳುಮಾಡಿ ಗೊತ್ತಾಗಿತ್ತು.

ಕೊನೆಯ ಗೆರೆ ಮುಗಿದು ಬ್ರಶ್ಶು ಕೆಳಗಿಳಿಯುವಷ್ಟರಲ್ಲಿ, ಸ್ವೇದಗಂಗಾಪ್ರವಾಹದಲ್ಲಿ ತೇಲುತ್ತ, ಒಂದು ಗಳಿಗೆ ಅಡ್ಡಾಗಲೆಂದು ಸಾಮ್ರಾಜ್ಞಿ ಒಳಗೆ ಬಿಜಯಂಗೈದಳು.

“ಫ್ಯಾನ್ ಯಾಕ ಆರಿಸಿಯವ್ವಾ? ಶೆಕಿಗೆ ಸಾಯ್ಲೇನ ನಾನು?”

ದಾಕ್ಷಾಯಣಿಯ ಅಂತರಂಗದಲ್ಲಿ ಸಿಂಹಗರ್ಜನೆಯೊಂದು ಸಜ್ಜಾಯಿತು: ‘ಎಲೌ ವ್ಯಜನಲೋಲೆ, ನಿಲ್ಲು. ಸಾಕ್ಷಾತ್ ಸೂರ್ಯನೇ ಬೆವತು ನಿನ್ನ ಪಕ್ಕದಲ್ಲಿ ಮಲಗಲು ಬಂದರೂ, ಸಪ್ತಸಾಗರಗಳು ನಿನ್ನ ಕುಪ್ಪಸದಲ್ಲೇ ಉಕ್ಕಿ ಹರಿದರೂ, ಈ ಲೇಪ ಒಣಗುವ ತನಕ ಆ ಬಟನ್ನನ್ನು ಒತ್ತಗೊಡೆನು.’ ಆದರೆ ಗಂಟಲಿನ ಹೆಬ್ಬಾಗಿಲು ತಲುಪುವಷ್ಟರಲ್ಲಿ ಆ ಭಾಷಣದ ಕಾಲಾಳುಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಹೊರಬಿದ್ದದ್ದು ಒಂದು ಸಣ್ಣ ಕೆಮ್ಮು. ವೀರಾಂಗನೆ ಹೋಗಿ ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತಳು.

“ಸರಿ ಅತ್ತಾಗ.”

ಸರಿಯಲಿಲ್ಲ.

“ಕಿವ್ಯಾಗ ಹಿಟ್ಟ ತುಂಬಿಕೊಂಡಿಯೇನ?”

ಕೆಮ್ಮಿದಳು. ಸರಿಯಲಿಲ್ಲ.

ಆಗ ಈರವ್ವನ ಕಣ್ಣು ಮೇಜಿನ ಮೇಲೆ ಬಿತ್ತು. ಹಸಿ ವಾರ್ನಿಷ್ ಹಾಲಿನಂತೆ ಬೆಳ್ಳಗಿರುತ್ತದೆ. ಒಣಗಿದ ಮೇಲೆ ತಿಳಿಯಾಗುತ್ತದೆ. ಇದು ಸಾಮ್ರಾಜ್ಞಿಗೆ ತಿಳಿಯದು.

“ಅಯ್ಯ ನಮ್ಮವ್ವ, ಎಮ್ಮಿ ಮ್ಯಾಲ ಮಜ್ಜಿಗಿ ಚೆಲ್ಲೀಯಲ್ಲ. ಹಾಳಾಗಿ ಹೋಗತೈತಿ, ತಡಿ.” ಹೆಗಲ ಮೇಲಿನ ಅರಿವೆ ಎಳೆದು, ಒರೆಸಲು ಕೈ ಚಾಚಿಯೇಬಿಟ್ಟಳು.

ದಾಕ್ಷಾಯಣಿ ಕೋಟೆಯನ್ನು ತೊರೆದು ಹಾರಿ, ಆ ಮಣಿಕಟ್ಟನ್ನು ಎರಡೂ ಕೈಗಳಿಂದ ಹಿಡಿದಳು. ಸಾವಿರಾರು ರೊಟ್ಟಿ ಬಡಿದ ಹಿಡಿತ; ಬಿಡಿಸಿಕೊಳ್ಳುವುದು ಆಗದ ಮಾತು. ಈರವ್ವ ಬೈದಳು, ಜಗ್ಗಿದಳು, ಕಡೆಗೆ ಸೋತು ಅಲ್ಲೇ ನೆಲಕ್ಕೆ ಕುಳಿತಳು. ದಾಕ್ಷಾಯಣಿ ಗೆದ್ದವಳೇ ಕಪ್ಪ ಒಪ್ಪಿಸುವಂತೆ ರಟ್ಟಿನ ತುಂಡೊಂದನ್ನು ತಂದು, ಚಿತ್ರಕ್ಕೆ ಬೆನ್ನು ಮಾಡಿ, ಗಾಳಿ ಆ ಕಡೆ ಸುಳಿಯದ ಹಾಗೆ ಚಿಗವ್ವನಿಗೆ ಬೀಸುತ್ತ ಕುಳಿತಳು. ಬೀಸಿ ಬೀಸಿ ತೋಳು ಬಿದ್ದುಹೋಗುವ ಹೊತ್ತಿಗೆ ಗ್ರಹಣ ಬಿಟ್ಟಂತೆ ಮೊದಲು ಕೊಂಬು, ಆಮೇಲೆ ಬೆನ್ನು, ಕಟ್ಟಕಡೆಗೆ ಬಾಲ ಕರ್ರಗೆ ಹೊರಬಂದವು.

“ಎಲಾ ಇದರ,” ಎಂದಳು ಈರವ್ವ. “ಮಜ್ಜಿಗಿ ಎಲ್ಲಿ ಹೋತು?”

ಮರುದಿನ ಬೆಳಿಗ್ಗೆ ಅಗ್ನಿಪರೀಕ್ಷೆ. ಈರವ್ವ ಬೆರಳನ್ನು ಎಣ್ಣೆಗಾಯಿಯಲ್ಲಿ ಅದ್ದಿ ಎಮ್ಮೆಯ ಹೊಟ್ಟೆಗೆ ಒತ್ತಿದಳು. ಹಸಿ ಅರಿವೆಯಿಂದ ಉಜ್ಜಿದಳು. ಜಿಡ್ಡು ಹೋಯಿತು. ಎಮ್ಮೆ ಉಳಿಯಿತು. ದಾಕ್ಷಾಯಣಿ ಒಲೆಯ ಹಿಂದೆ ಹೋಗಿ, ಯಾರಿಗೂ ಕಾಣದಂತೆ ಒಮ್ಮೆ ಕುಣಿದಳು.

ಚಿತ್ರ ಗೋಡೆ ಏರಿತು. ಮೊಳೆ ಇದ್ದದ್ದು ಕೈತೊಳೆಯುವ ಜಾಗದ ಮೇಲೆ, ಎದುರಿಗೇ ಟ್ಯೂಬ್‌ಲೈಟು. ವಾರ್ನಿಷ್ ಹೊಳಪಿನದು. ಅದರ ಪ್ರಭೆಗೆ ದಿಕ್ಕುಗಳೆಲ್ಲ ಬೆಳಗಿದವು, ಮತ್ತು ಅಂದಿನಿಂದ ಉಂಡೆದ್ದ ಮಹಾಪುರುಷರೆಲ್ಲರೂ ಕೈ ತೊಳೆದು, ಅದರಲ್ಲೇ ಮುಖ ನೋಡಿ, ತಲೆ ಬಾಚಿ, ಹಲ್ಲಿನ ಸಂದಿನ ಪಲ್ಯ ತೆಗೆದುಕೊಂಡು ಹೋಗತೊಡಗಿದರು. ಒಲೆಯ ಹಿಂದಿನಿಂದ ಎರಡು ಕಣ್ಣುಗಳು ದಿನವೂ ಇದನ್ನು ನೋಡುತ್ತಿದ್ದವು.

ಒಂದು ದಿನ ಬಸ್ ಕಂಡಕ್ಟರೊಬ್ಬ ಅದರ ಮುಂದೆ ಮೀಸೆ ಬಾಚಿಕೊಳ್ಳುತ್ತ, ಬಾಚಣಿಗೆ ತಡೆದು ಹಿಡಿದ.

“ಅಕ್ಕಾರ, ನನ್ನ ಮಾರಿ ಹಿಂದ ಯಾವ್ದೋ ಎಮ್ಮಿ ನಿಂತೈತಲ್ರಿ.”

ಹಂಚಿನ ಮೇಲೆ ರೊಟ್ಟಿ ಸೀದುಹೋಯಿತು. ಗಂಟಲಿನ ಹೆಬ್ಬಾಗಿಲು ತೆರೆಯಿತು; ಈ ಸಲ ಒಬ್ಬ ಕಾಲಾಳೂ ಓಡಲಿಲ್ಲ.

“ಎಮ್ಮಿ ಮುಂದ ನೀವು ನಿಂತೀರಿ,” ಎಂದಳು ದಾಕ್ಷಾಯಣಿ. “ಜರಾ ಬಾಜೂಕ ಸರೀರಿ.”

ಈರವ್ವನ ಕೈಯಲ್ಲಿದ್ದ ಸೌಟು ಸಾರಿಗೆ ಬಿತ್ತು. ಕಂಡಕ್ಟರ್ ಪಕ್ಕಕ್ಕೆ ಸರಿದ. ಕತ್ತು ಓರೆ ಮಾಡಿ ಎಮ್ಮೆಯನ್ನು ಕೊಂಬಿನಿಂದ ಬಾಲದವರೆಗೆ ನೋಡಿದ. “ಚಲೋ ಐತಲ್ಲ,” ಎಂದ.

ಆಮೇಲೆ ಮೊದಲಿನ ಜಾಗಕ್ಕೇ ಮರಳಿ, ಉಳಿದ ಅರ್ಧ ಮೀಸೆ ಬಾಚಿಕೊಂಡು ಹೋದ.