ಪರದೆ ಮಾಮನ ಪುಕ್ಕಟೆ ಅಭಿಪ್ರಾಯ

ಒಂದು ಜೋಡಿ ಪರದೆಗೆ ಬಟ್ಟೆ ಎರಡು ಸಾವಿರ, ಒಳಗಿನ ಲೈನಿಂಗಿಗೆ ಆರುನೂರು, ರಿಂಗುಗಳಿಗೆ ಮುನ್ನೂರು, ಹೊಲಿಗೆಗೆ ಐನೂರು. ಅಭಿಪ್ರಾಯಕ್ಕೆ ಮಾತ್ರ ಬಿಡಿಗಾಸಿನ ಖರ್ಚಿಲ್ಲ. ಅದಕ್ಕೇ ಪರದೆ ಮಾಮ ಬಟ್ಟೆಯನ್ನು ಅಳೆದು ಕೊಡುತ್ತಿದ್ದ, ಅಭಿಪ್ರಾಯವನ್ನು ಅಳೆಯದೆ ಕೊಡುತ್ತಿದ್ದ.

ಅವನನ್ನು ಮಾಮ ಎಂದು ಕರೆಯದವರು ಆ ಬೀದಿಯಲ್ಲಿ ಇಬ್ಬರೇ. ಒಬ್ಬಳು ಅವನ ಹೆಂಡತಿ. ಇನ್ನೊಬ್ಬರು ಅಂಗಡಿಯ ಮೇಲಿನ ಮನೆಯಲ್ಲಿದ್ದ ಕಟ್ಟಡದ ಒಡತಿ ಮಹಡಿಯಮ್ಮ. ಉಳಿದವರಿಗೆಲ್ಲ ಅವನು ಪರದೆ ಮಾಮ. ಇಪ್ಪತ್ತು ವರ್ಷ ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದೂ ಹೊಲಿದೂ ಅವನ ಕಣ್ಣಿಗೆ ಲೋಕದ ಉಡುಪೆಲ್ಲ ಎರಡೇ ಬಗೆಯಾಗಿ ಕಾಣುತ್ತಿತ್ತು. ನೆರಿಗೆ ಜಾಸ್ತಿ ಇದ್ದರೆ ಹಾಲ್‌ನ ಪರದೆ, ಇಲ್ಲದಿದ್ದರೆ ಬಚ್ಚಲಿನ ಪರದೆ.

ಆ ದಿನ ಬೆಳಿಗ್ಗೆ ಅವನು ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ಎದುರಿಗೆ ಒಬ್ಬಳು ಹುಡುಗಿ ಮೈಕು ಹಿಡಿದು ನಿಂತಿದ್ದಳು. ಅವಳ ಹಿಂದೆ ಕ್ಯಾಮೆರಾ ಹೊತ್ತವನೊಬ್ಬ ಆಕಳಿಸುತ್ತಿದ್ದ.

"ಸರ್, ಟಿವಿಯಿಂದ ಬಂದಿದೀವಿ. ಜನರ ಅಭಿಪ್ರಾಯ ಬೇಕಿತ್ತು. ಎರಡೇ ಪ್ರಶ್ನೆ."

ಮಾಮ ಅರ್ಧ ಎತ್ತಿದ್ದ ಷಟರನ್ನು ಅಲ್ಲಿಗೇ ಬಿಟ್ಟು ತಲೆ ಬಾಚಿಕೊಂಡ. ಮನೆಯಲ್ಲಿ ಅವನ ಅಭಿಪ್ರಾಯ ಕೇಳಿ ವರ್ಷಗಳಾಗಿದ್ದವು.

"ಹಳೇ ಧಾರಾವಾಹಿ ಒಂದು ಮತ್ತೆ ಶುರುವಾಗಿದೆ. ಅದೇ ಕತೆ, ಅದೇ ನಾಯಕಿ. ಅದರ ಬಗ್ಗೆ ಏನಂತೀರಿ?"

"ಏನನ್ನೋದು? ಹಳೇ ಪರದೆಗೆ ಹೊಸ ಅಂಚು ಹಚ್ಚಿದಾರೆ. ಇಪ್ಪತ್ತು ವರ್ಷದ ಹಿಂದೆ ಆಯಮ್ಮ ಸೊಸೆಯಾಗಿ ಅಳ್ತಿದ್ಲು, ಈಗ ಅತ್ತೆಯಾಗಿ ಅಳ್ತಾಳೆ. ಬದಲಾಗಿರೋದು ಕರ್ಚೀಫ್ ಒಂದೇ."

ಹುಡುಗಿ ನಕ್ಕಳು. ಕ್ಯಾಮೆರಾದವನೂ ಆಕಳಿಕೆ ನಿಲ್ಲಿಸಿ ನಕ್ಕ. ನಗು ಕೇಳಿದ ಮಾಮ ಗಾಳಿಗೆ ಸಿಕ್ಕ ಪರದೆಯಂತೆ ಉಬ್ಬಿಹೋದ.

"ಇನ್ನೊಂದು. ಉಡುಪಿನ ಸ್ಪರ್ಧೆ ಇದೆಯಲ್ಲ, ಹೊಲಿಯೋರ ಸ್ಪರ್ಧೆ, ಇವತ್ತು ಸಂಜೆ ಅದರ ಫೈನಲ್. ಈ ಫೋಟೋ ನೋಡಿ. ಯಾರು ಹೊಲಿದಿದ್ದು ಅಂತ ಹೇಳಲ್ಲ. ನಿಮಗನ್ನಿಸಿದ್ದು ಹೇಳಿ."

ಫೋಟೋದಲ್ಲಿ ಒಂದು ಬೊಂಬೆಗೆ ತೊಡಿಸಿದ ಕಡುಗೆಂಪು ಗೌನು. ಭುಜದಿಂದ ನೆಲದವರೆಗೆ ನೆರಿಗೆಯೋ ನೆರಿಗೆ.

"ಇದು ಉಡುಪಲ್ಲಮ್ಮ, ಪರದೆ! ಅಪ್ಪಟ ಹಾಲ್‌ನ ಪರದೆ. ಮೇಲೊಂದು ಕಂಬಿ ತೂರಿಸಿ ಕಿಟಕಿಗೆ ನೇತುಹಾಕಿ, ಮಧ್ಯಾಹ್ನ ಒಳ್ಳೇ ನಿದ್ದೆ ಬರುತ್ತೆ. ಇದನ್ನ ಹುಡುಗಿ ಮೈಮೇಲೆ ಹಾಕಿದೋರಿಗೆ ಕಿಟಕಿಗೂ ಮನುಷ್ಯರಿಗೂ ವ್ಯತ್ಯಾಸ ಗೊತ್ತಿಲ್ಲ."

"ಸೂಪರ್ ಸರ್! ಇದು ಫೈನಲ್ ನಡುವೆ ಬರುತ್ತೆ. ಸ್ಪರ್ಧಿಗಳಿಗೂ ತೋರಿಸ್ತೀವಿ." ಹುಡುಗಿ ಮೈಕು ಇಳಿಸಿ, ಅಂಗಡಿಯ ಮೇಲಿನ ಮಹಡಿಯತ್ತ ಬೆರಳು ತೋರಿಸಿದಳು. "ಅಂದ ಹಾಗೆ ಆ ಗೌನು ಈ ಮನೆ ಹುಡುಗೀದು. ಅದಕ್ಕೇ ನಿಮ್ಮ ಬೀದಿಗೆ ಬಂದಿದ್ದು."

ಮಾಮ ಬಿಟ್ಟಿದ್ದ ಷಟರು ತಾನಾಗಿ ಕೆಳಗಿಳಿದು ಧಡಾರನೆ ಮುಚ್ಚಿಕೊಂಡಿತು.

ಮಹಡಿಯಮ್ಮನ ಒಬ್ಬಳೇ ಮಗಳು ಮೂರು ತಿಂಗಳ ಹಿಂದೆ ಆ ಸ್ಪರ್ಧೆಗೆ ಹೋಗಿದ್ದು ಬೀದಿಗೆಲ್ಲ ಗೊತ್ತಿತ್ತು. ಮಾಮನಿಗೆ ಇನ್ನೂ ಒಂದು ವಿಷಯ ಗೊತ್ತಿತ್ತು. ಅಂಗಡಿಯ ಬಾಡಿಗೆ ಕರಾರು ಈ ತಿಂಗಳಿಗೆ ಮುಗಿಯುತ್ತದೆ. ಚಪ್ಪಲಿ ಅಂಗಡಿಯವನೊಬ್ಬ ಹೆಚ್ಚು ಬಾಡಿಗೆ ಕೊಡುತ್ತೇನೆಂದು ಎರಡು ಸಲ ಮೆಟ್ಟಿಲು ಹತ್ತಿ ಬಂದಿದ್ದಾನೆ. "ಮಗಳ ಫೈನಲ್ ಮುಗೀಲಿ, ನಾಳೆ ಹೇಳ್ತೀನಿ" ಎಂದಿದ್ದರು ಮಹಡಿಯಮ್ಮ.

ಮಾಮ ಟಿವಿಯವರ ವ್ಯಾನಿನ ಹಿಂದೆ ಓಡಿದ. ತಿರುವಿನಲ್ಲಿ ಟೀ ಕುಡಿಯುತ್ತಿದ್ದ ಹುಡುಗಿ ಸಿಕ್ಕಳು.

"ತಾಯಿ, ನಾನು ಹೇಳಿದ್ದು ಅಳಿಸಿಬಿಡು. ಬೇರೆ ಹೇಳ್ತೀನಿ."

"ಆಗಲೇ ಕಳಿಸಿಬಿಟ್ವಲ್ಲ ಸರ್. ಇರ್ಲಿ, ಬೇರೆ ಏನು ಹೇಳ್ತೀರಿ?"

ಮಾಮ ಉಸಿರು ಎಳೆದುಕೊಂಡು ಶುರುಮಾಡಿದ. ಆ ಗೌನು ಸೂರ್ಯೋದಯದಂತಿದೆ, ಅದನ್ನು ಹೊಲಿದ ಕೈಗೆ ಚಿನ್ನದ ಬಳೆ ತೊಡಿಸಬೇಕು, ಹೊಲಿದವಳನ್ನು ಹೆತ್ತ ತಾಯಿಯಂತೂ ದೇವತೆ, ಬಾಡಿಗೆದಾರರನ್ನು ಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ.

ಹುಡುಗಿ ಟೀ ಲೋಟ ಕೆಳಗಿಟ್ಟಳು. "ಬೇಡ ಸರ್. ಇದು ಜಾಹೀರಾತಿನ ಥರ ಇದೆ. ಮೊದಲಿನದೇ ಚೆನ್ನಾಗಿತ್ತು, ಮನಸ್ಸಿನಿಂದ ಬಂದಿತ್ತು."

ಆಡಿದ ಮಾತು, ಒಡೆದ ಮುತ್ತು. ಮಾಮ ಕಾಲೆಳೆಯುತ್ತ ವಾಪಸು ಬಂದರೆ ಅಂಗಡಿಯ ಮುಂದೆ ಮಹಡಿಯಮ್ಮ ನಿಂತಿದ್ದರು. ಪಕ್ಕದಲ್ಲಿ ಹಲ್ಲಿನ ಡಾಕ್ಟರು.

ಹಲ್ಲಿನ ಡಾಕ್ಟರನ್ನು ಕಂಡರೆ ಮಾಮನಿಗೆ ಮೊದಲೇ ಆಗದು. ಮೂರು ತಿಂಗಳ ಹಿಂದೆ ಅವರ ಕ್ಲಿನಿಕ್ಕಿಗೆಂದು ಹೊಲಿದಿಟ್ಟಿದ್ದ ತಿಳಿಹಸಿರು ಪರದೆ ಅಂಗಡಿಯಿಂದ ಮಾಯವಾಗಿತ್ತು. ಕಳ್ಳ ಸಿಗಲಿಲ್ಲ. ಮಾಮ ಕೈಯಿಂದ ದುಡ್ಡು ಹಾಕಿ ಇನ್ನೊಂದು ಹೊಲಿದುಕೊಟ್ಟಿದ್ದ. ಆದರೂ ಡಾಕ್ಟರು ಸಿಕ್ಕಾಗಲೆಲ್ಲ "ಏನು ಮಾಮ, ನನ್ನ ಪರದೆ ಎಲ್ಲಿ ಹಾರ್ತಾ ಇದೆಯಂತೆ?" ಎಂದು ಕೇಳುವುದನ್ನು ಬಿಟ್ಟಿರಲಿಲ್ಲ.

"ಎಲ್ಲಿಗಯ್ಯಾ ಓಡಿದ್ದೆ?" ಎಂದರು ಮಹಡಿಯಮ್ಮ. "ಸಂಜೆ ಬೀದಿಯೋರೆಲ್ಲ ಒಟ್ಟಿಗೆ ಕೂತು ಫೈನಲ್ ನೋಡೋದು ಅಂತಾಗಿದೆ. ಡಾಕ್ಟ್ರು ಪ್ರೊಜೆಕ್ಟರ್ ಕೊಡ್ತಾರೆ. ಅದೇ, ಶಾಲೆ ಮಕ್ಕಳಿಗೆ ಹುಳುಕು ಹಲ್ಲು ತೋರಿಸ್ತಾರಲ್ಲ, ಅದು. ನೀನು ಒಂದು ದೊಡ್ಡ ಬಿಳೀ ಪರದೆ ಹೊಲಿದು ನಮ್ಮ ಕಟ್ಟಡದ ಗೋಡೆಗೆ ಕಟ್ಟಬೇಕು."

"ಪರದೆ ಯಾಕಮ್ಮ? ಗೋಡೆಗೆ ಮೊನ್ನೆ ತಾನೇ ಬಿಳೀ ಬಣ್ಣ ಹೊಡೆಸಿದೀರಿ…"

"ಅದಕ್ಕೇ! ಹೊಸಾ ಬಣ್ಣದ ಮೇಲೆ ಅಷ್ಟು ಹೊತ್ತು ಬೆಳಕು ಬಿಟ್ರೆ ಸುಟ್ಟುಹೋಗಲ್ವೇನಯ್ಯಾ? ಬಣ್ಣಕ್ಕೆ ಎಷ್ಟು ಕೊಟ್ಟಿದೀನಿ ಗೊತ್ತಾ?"

ತನ್ನ ಮಾನ ಹರಾಜಾಗುವುದಕ್ಕೆ ತಾನೇ ಪರದೆ ಹೊಲಿಯಬೇಕು. ಮಾಮ ಬಟ್ಟೆಯ ಥಾನು ಎಳೆದ. ಮಿಷನ್ ಕೆಟ್ಟಿದೆ ಎಂದು ಹೇಳಿ ನೋಡಿದ. ಮಹಡಿಯಮ್ಮ ತಮ್ಮ ಮಗಳ ಮಿಷನ್ನನ್ನೇ ಕೆಳಗಿಳಿಸಿ ತರಿಸಿದರು. ಸೊಂಟನೋವು ಎಂದ. ಅವರು ದಿಂಬು ತಂದುಕೊಟ್ಟು, ಎದುರಿಗೊಂದು ಸ್ಟೂಲ್ ಹಾಕಿಕೊಂಡು ಕೂತೇಬಿಟ್ಟರು.

"ನನ್ನ ಮಗಳಿಗೆ ನೀನಂದ್ರೆ ಎಷ್ಟು ಗೌರವ ಗೊತ್ತಾ? ಚಿಕ್ಕೋಳಿದ್ದಾಗ ನಿನ್ನ ಅಂಗಡೀಲೇ ಬಿದ್ದಿರ್ತಿದ್ಲು. ಹೊಲಿಗೆ ಹುಚ್ಚು ಹಿಡಿದಿದ್ದೇ ಇಲ್ಲಿ. ಅವಳ ಬಗ್ಗೆ ಯಾರಾದ್ರೂ ಒಂದು ಮಾತು ಕೆಟ್ಟದಾಗಿ ಆಡ್ಲಿ, ನಾಲಿಗೆ ಸೀಳಿಬಿಡ್ತೀನಿ."

ಮಾಮನ ಬೆರಳಿಗೆ ಸೂಜಿ ಚುಚ್ಚಿತು.

ಮಧ್ಯಾಹ್ನ ಊಟ ತಂದ ಹೆಂಡತಿ ಅವನ ಮುಖ ನೋಡಿದಳು. "ಏನ್ರೀ, ಸುಣ್ಣ ಬಳಿದ ಹಾಗಿದೀರಿ? ಏನು ಮಾಡ್ಕೊಂಡ್ರಿ?"

"ಏನಿಲ್ಲ ಕಣೇ."

"ಏನಿಲ್ಲ ಅಂದ್ರೆ ಏನೋ ಇದೆ. ಇರ್ಲಿ, ತಾನಾಗೇ ಹೊರಗೆ ಬರುತ್ತೆ. ಸಂಜೆ ಇದು ಬೇಗ ಮುಗಿದ್ರೆ ಸಾಕು, ಒಂಬತ್ತಕ್ಕೆ ನನ್ನ ಧಾರಾವಾಹಿ. ಇವತ್ತು ಅವಳ ಕಳೆದುಹೋದ ಗಂಡ ವಾಪಸ್ ಬರ್ತಾನೆ."

ಬೆಳಿಗ್ಗೆ ಮಾಮ ಟಿವಿಯವರ ಮುಂದೆ ಅಣಕಿಸಿದ್ದು ಇದೇ ಧಾರಾವಾಹಿಯನ್ನು. ಮಾಮ ಮಹಡಿಯಮ್ಮನ ಭಯದಲ್ಲಿ ಹೆಂಡತಿಯ ಭಯವನ್ನು ಮರೆತೇಬಿಟ್ಟಿದ್ದ.

ಆಗಲೇ ಅವನಿಗೆ ಆ ಉಪಾಯ ಹೊಳೆದದ್ದು. ಮಹಡಿಯಮ್ಮ ಕಾಫಿಗೆಂದು ಮೇಲೆ ಹೋಗಿದ್ದೇ ತಡ, ಹಗ್ಗ ತೂರಿಸಲು ಮಡಚಿದ ಪರದೆಯ ಮೇಲಂಚಿಗೆ ಮಿಷನ್ ಹೊಲಿಗೆ ಬಿಟ್ಟು ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿದ. ಅಳತೆ ನೋಡುವಾಗ ಹಾಕುವ ಉದ್ದುದ್ದನೆಯ ಹೊಲಿಗೆ ಅದು. ಒಂದು ತುದಿ ಹಿಡಿದೆಳೆದರೆ ದಾರ ಸರ್‍ರನೆ ಪೂರ್ತಿ ಕಿತ್ತುಬರುತ್ತದೆ. ತನ್ನ ಮುಖ ಕಂಡ ಕೂಡಲೇ ಎಳೆಯುವುದು, ಪರದೆ ಬೀಳುವುದು, ಅದನ್ನು ಮತ್ತೆ ಕಟ್ಟುವಷ್ಟರಲ್ಲಿ ಅಭಿಪ್ರಾಯ ಮುಗಿದಿರುವುದು. ಮಾಮ ಬೆಳಗಿನಿಂದ ಮೊದಲ ಸಲ ನಕ್ಕ.

ಸಂಜೆ ಬೀದಿಯ ಕುರ್ಚಿಗಳೆಲ್ಲ ಹೊರಬಂದವು. ಮಹಡಿಯಮ್ಮ ಮುಂದಿನ ಸಾಲಿನ ನಡುವೆ ಕೂತರು. ಮಾಮ ಗೋಡೆಯ ಪಕ್ಕದಲ್ಲೇ ನೆಲಕ್ಕೆ ಕುಳಿತು, ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡ.

"ಅಲ್ಲಿ ಯಾಕ್ರೀ ಕೂತಿದೀರಿ? ಓರೆಯಾಗಿ ಕಾಣುತ್ತೆ," ಎಂದಳು ಹೆಂಡತಿ.

"ಪರದೆಗೆ ಏನಾದ್ರೂ ಆದ್ರೆ ನೋಡ್ಕೊಳ್ಳೋಕೆ."

"ನೋಡಿದ್ರಾ," ಎಂದರು ಮಹಡಿಯಮ್ಮ ಹೆಮ್ಮೆಯಿಂದ, "ಕೆಲಸದ ಮೇಲೆ ಎಷ್ಟು ನಿಗಾ!"

ಫೈನಲ್ ಶುರುವಾಯಿತು. ಬೀದಿಯಲ್ಲಿ ಬಾಯಿಗೊಂದು ಅಭಿಪ್ರಾಯ. ಮೊದಲ ಸ್ಪರ್ಧಿಯ ಹಕ್ಕಿಗರಿಯ ಉಡುಪು ಬಂದಾಗ "ಕೋಳಿ ತಪ್ಪಿಸಿಕೊಂಡು ಬಂದ ಹಾಗಿದೆ" ಎಂದರು ಡಾಕ್ಟರು. ಎರಡನೆಯವನದು ತಗಡಿನಂತೆ ಮಿಂಚಿತು. "ಕೂತ್ಕೊಳ್ಳೋದು ಹೇಗೆ ಪಾಪ?" ಎಂದು ಹೆಂಡತಿ ಮರುಗಿದಳು. ಆಮೇಲೆ ಕಡುಗೆಂಪು ಗೌನು ತೊಟ್ಟ ರೂಪದರ್ಶಿ ನಡೆದು ಬಂದಾಗ ಬೀದಿ ಶಿಳ್ಳೆ ಹೊಡೆಯಿತು. ಮಹಡಿಯಮ್ಮ ಕಣ್ಣೊರೆಸಿಕೊಂಡರು.

"ಈಗ ಕೇಳೋಣ ಜನರ ಅಭಿಪ್ರಾಯ!" ಎಂದ ನಿರೂಪಕ.

ಪರದೆಯ ಮೇಲೆ ಅರ್ಧ ಎತ್ತಿದ ಷಟರು ಕಾಣಿಸಿತು. ಮಾಮ ಹೆಬ್ಬೆರಳು ಮಡಚಿ ಎಳೆದ. ದಾರ ಸರ್‍ರೆಂದಿತು. ಪರದೆ ದೊಪ್ಪನೆ ಅವನ ತಲೆಯ ಮೇಲೇ ಬಿತ್ತು.

ಒಳಗೆ ಕತ್ತಲೆಯಲ್ಲಿ ಮಾಮ ಹಾಯಾಗಿ ಉಸಿರುಬಿಟ್ಟ. ಆದರೆ ಹೊರಗಿನಿಂದ ಚಪ್ಪಾಳೆ ಕೇಳಿಸಿತು.

"ಅಯ್ಯೋ, ಗೋಡೆ ಮೇಲೇ ಎಷ್ಟು ಚೆನ್ನಾಗಿ ಕಾಣುತ್ತೆ! ಇಷ್ಟೊತ್ತು ಸುಕ್ಕುಸುಕ್ಕಾಗಿತ್ತು!"

"ಅರೆ, ಅದು ನಮ್ಮ ಮಾಮ ಅಲ್ವಾ?"

ಮಾಮ ಬಟ್ಟೆಯಿಂದ ತಲೆ ಹೊರಗೆ ಹಾಕಿದ. ಹೊಸ ಬಣ್ಣದ ಗೋಡೆಯ ಮೇಲೆ, ಎರಡು ಮಹಡಿ ಎತ್ತರಕ್ಕೆ, ಅವನ ಮುಖವೇ ಬೆಳಗುತ್ತಿತ್ತು. ಹಲ್ಲುಗಳು ಒಂದೊಂದೂ ಕಿಟಕಿಯಷ್ಟು. ಡಾಕ್ಟರು ಎಣಿಸುತ್ತಿದ್ದಂತೆ ಕಂಡಿತು. ಹಳೇ ಪರದೆ, ಹೊಸ ಅಂಚು, ಕರ್ಚೀಫು, ಎಲ್ಲ ಬಂತು. ಹೆಂಡತಿ ನಿಧಾನವಾಗಿ ಅವನ ಕಡೆ ತಿರುಗಿದಳು. ಆಮೇಲೆ ಅದೂ ಬಂತು: "ಇದು ಉಡುಪಲ್ಲಮ್ಮ, ಪರದೆ!" ಕೊನೆಗೆ ಕಿಟಕಿಗೂ ಮನುಷ್ಯರಿಗೂ ವ್ಯತ್ಯಾಸ ಗೊತ್ತಿಲ್ಲ ಎನ್ನುವವರೆಗೆ ಒಂದಕ್ಷರ ಬಿಡದೆ.

ಮಹಡಿಯಮ್ಮ ಎದ್ದು ನಿಂತರು. ಮಾಮ ಬಟ್ಟೆಯನ್ನು ಮತ್ತೆ ತಲೆಯ ಮೇಲೆ ಎಳೆದುಕೊಳ್ಳುವುದರಲ್ಲಿದ್ದ.

ಅಷ್ಟರಲ್ಲಿ ಗೋಡೆಯ ಮೇಲೆ ಮಹಡಿಯಮ್ಮನ ಮಗಳು ಕಾಣಿಸಿದಳು. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಅಯ್ಯೋ, ಮಾಮ ಕಂಡುಹಿಡಿದುಬಿಟ್ರು! ನಿಜ, ಅದು ಪರದೇನೇ. ಮನೆಯಲ್ಲಿರೋ ವಸ್ತುವಿಂದ ಉಡುಪು ಮಾಡಿ ಅಂದಿದ್ರಲ್ಲ? ಹೊರಡೋ ದಿನ ಮಾಮನ ಅಂಗಡಿಯಿಂದ ಒಂದು ಪರದೆ ಎತ್ಕೊಂಡು ಬಂದಿದ್ದೆ. ಹೇಳೋಕೆ ಧೈರ್ಯ ಬರಲಿಲ್ಲ. ತಿಳಿಹಸಿರಿತ್ತು, ಇಲ್ಲಿ ಬಣ್ಣಕ್ಕೆ ಅದ್ದಿದೆ. ಮಾಮ, ಸಾರಿ ಮಾಮ!"

"ನನ್ನ ಪರದೆ!" ಡಾಕ್ಟರು ಕುರ್ಚಿಯಿಂದ ನೆಗೆದರು. "ಅದು ನನ್ನ ಕ್ಲಿನಿಕ್ಕಿನ ಕಿಟಕಿ ಕಣ್ರೀ! ನನ್ನ ಕಿಟಕಿ ಫೈನಲ್‌ಗೆ ಹೋಗಿದೆ!"

ತೀರ್ಪುಗಾರರು ಗೌನಿನ ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದರು, ತಲೆದೂಗಿದರು, ಗೆದ್ದವಳು ಇವಳೇ ಎಂದರು. ಬೀದಿ ಹುಚ್ಚೆದ್ದು ಕುಣಿಯಿತು. ಯಾರೋ ಮಾಮನನ್ನು ಪರದೆಸಮೇತ ಎತ್ತಿಕೊಂಡರು. ಸುಮ್ಮನೆ ಆಡಿದ ಮಾತು ನಿಜವಾಗಿಬಿಟ್ಟದ್ದಕ್ಕೆ ಮಾಮನೇ ಬೆರಗಾಗಿದ್ದ. ಆದರೂ ಮುಖದಲ್ಲಿ ಎಲ್ಲ ಮೊದಲೇ ಗೊತ್ತಿತ್ತು ಎನ್ನುವ ಗಾಂಭೀರ್ಯ ತಂದುಕೊಂಡ.

"ಇಳಿಸ್ರೋ ಅವನನ್ನ," ಎಂದರು ಮಹಡಿಯಮ್ಮ. ಅವರ ಕಣ್ಣಲ್ಲಿ ನೀರು. "ನಾಲಿಗೆ ಸೀಳ್ಬೇಕು ಅಂತ ಎದ್ದಿದ್ದೆ ಕಣಯ್ಯಾ. ಈಗ ಏನು ಹೇಳ್ಲಿ? ನಿನ್ನ ಅಂಗಡಿ ನನ್ನ ಮಗಳಿಗೆ ದೇವಸ್ಥಾನ ಇದ್ದ ಹಾಗೆ. ಚಪ್ಪಲಿಯೋನಿಗೆ ಅದನ್ನ ಸತ್ರೂ ಕೊಡಲ್ಲ."

ಮಾಮ ಕೈಮುಗಿದ. "ಅಮ್ಮಾ, ನಿಮ್ಮ ಋಣ ಹೇಗೆ ತೀರಿಸ್ಲಿ?"

"ತೀರಿಸೋದು ಸುಲಭ. ಗೆದ್ದ ದುಡ್ಡಲ್ಲಿ ಅವಳು ಬಟ್ಟೆ ಅಂಗಡಿ ಇಡ್ತಾಳಂತೆ. ಎಲ್ಲಿ ಇಡ್ಲಿ ಅಂತ ಯೋಚಿಸ್ತಿದ್ಲು. ಇಲ್ಲೇ ಇಡ್ಲಿ ಬಿಡು! ಬೀದಿಗೆ ಕಾಣೋ ಮುಂಭಾಗ ಅವಳಿಗೆ, ಹಿಂದಿನ ಅರ್ಧ ನಿನಗೆ. ಬಾಡಿಗೆ ಒಂದು ಪೈಸಾನೂ ಏರಿಸಲ್ಲ, ಅದೇ ಬಾಡಿಗೆ."

"ಅರ್ಧ ಅಂಗಡಿಗೆ… ಅದೇ ಬಾಡಿಗೇನಾ ಅಮ್ಮಾ?"

"ನಿನ್ನನ್ನ ಕಂಡ್ರೆ ಅಭಿಮಾನ, ಅದಕ್ಕೇ. ಮಧ್ಯೆ ಗೋಡೆ ಗೀಡೆ ಬೇಡ, ಖರ್ಚು. ನೀನೇ ಒಂದು ಒಳ್ಳೇ ಪರದೆ ಹೊಲಿದು ಹಾಕಿಬಿಡು. ಈ ಬಿಳೀದೇ ಇದೆಯಲ್ಲ, ಆಗುತ್ತೆ. ಮೇಲಿನ ಹೊಲಿಗೆ ಮಾತ್ರ ಗಟ್ಟಿ ಹಾಕು, ಇವತ್ತು ಅದ್ಯಾಕೋ ಕಿತ್ತುಬಂತು."

ಒಂಬತ್ತು ಗಂಟೆಗೆ ಮಾಮ ಮನೆಯಲ್ಲಿ ಟಿವಿಯ ಮುಂದೆ ಕುಳಿತಿದ್ದ. ಪಕ್ಕದಲ್ಲಿ ಹೆಂಡತಿ, ಅವಳ ಕೈಯಲ್ಲಿ ಕರ್ಚೀಫು.

"ಎದ್ದೀರಾ ಜೋಕೆ," ಎಂದಳು ಅವಳು. "ಪೂರ್ತಿ ನೋಡದೆ ಅಭಿಪ್ರಾಯ ಹೇಳಬಾರದು. ಇವತ್ತಿಂದ ಮುಗಿಯೋವರೆಗೂ ನನ್ನ ಜೊತೆ ಕೂತು ನೋಡ್ತೀರಿ."

"ಯಾವಾಗ ಮುಗಿಯುತ್ತೆ?"

"ಹೋದ ಸಲ ಒಂಬತ್ತು ವರ್ಷ ನಡೆದಿತ್ತು."

ಕಳೆದುಹೋದ ಗಂಡ ಬಾಗಿಲಲ್ಲಿ ಬಂದು ನಿಂತ. ನಾಯಕಿ ಅತ್ತಳು, ಹೆಂಡತಿಯೂ ಅತ್ತಳು. ಯಾರೂ ನೋಡದಾಗ ಮಾಮನೂ ಒಂದಿಷ್ಟು ಕಣ್ಣೊರೆಸಿಕೊಂಡ. ಪಾಪ, ಆ ಮನೆಯ ಕಿಟಕಿಗೆ ಒಂದು ನೆಟ್ಟಗಿನ ಪರದೆಯೂ ಇರಲಿಲ್ಲ.

ಆ ದಿನದ ಗಳಿಕೆ: ಗೋಡೆಯ ಮೇಲೆ ಎರಡು ಮಹಡಿ ಎತ್ತರದ ಮುಖ, ಕೊಂಚ ಹೊತ್ತು. ನಷ್ಟ: ಅರ್ಧ ಅಂಗಡಿ, ಒಂದು ಥಾನು ಬಿಳೀ ಬಟ್ಟೆ, ಮತ್ತು ಮುಂದಿನ ಒಂಬತ್ತು ವರ್ಷದ ಸಂಜೆಗಳು.