ಹಾಗಲವಾಡಿಯ ಹೊಂದದ ಚುಕ್ಕೆ

ಪ್ರದ್ಯುಮ್ನನ ಪಿಎಚ್‌ಡಿ ಒಂದೇ ಒಂದು ಚುಕ್ಕೆಗೆ ಸಿಕ್ಕಿಹಾಕಿಕೊಂಡಿತ್ತು. ಹಾಗಲವಾಡಿಯಲ್ಲಿ ಪ್ರತಿ ವರ್ಷ ಒಂದೇ ದಿನದಲ್ಲಿ ಸುರಿದ ಅತಿ ಜೋರು ಮಳೆಯ ಅಂಕಿಗಳನ್ನು ಸೇರಿಸಿ, ಅವು ಸಂಖ್ಯಾಶಾಸ್ತ್ರದ ಯಾವ ಗೆರೆಗೆ ಹೊಂದುತ್ತವೆ ಎಂದು ಪರೀಕ್ಷಿಸುವುದು ಅವನ ವಿಷಯ. ಮೂವತ್ತು ವರ್ಷದ ಚುಕ್ಕೆಗಳು ಗಂಬೆಲ್ ಎಂಬ ಮಹಾಶಯನ ಗೆರೆಯ ಮೇಲೆ ವಿಧೇಯವಾಗಿ ಕೂತಿದ್ದವು. ನಾಲ್ಕು ವರ್ಷದ ಹಿಂದಿನದು ಮಾತ್ರ ಗ್ರೂಪ್ ಫೋಟೋದಲ್ಲಿ ಕುರ್ಚಿ ಹತ್ತಿ ನಿಂತವನ ಹಾಗೆ ಎಲ್ಲರ ತಲೆಯ ಮೇಲಿತ್ತು.

"ಸುಮ್ನೆ ತೆಗೆದುಹಾಕೋಕಾಗಲ್ಲಪ್ಪ," ಎಂದರು ಗೈಡ್ ಚಂದ್ರಶೇಖರಯ್ಯ. "ಅದು ಯಾಕೆ ತಪ್ಪು ಅಂತ ಊರಿಗೇ ಹೋಗಿ ತಿಳ್ಕೊಂಡು ಬಾ. ಸೋಮವಾರ ಥೀಸಿಸ್ ಕೊಡದಿದ್ರೆ ರಿಜಿಸ್ಟ್ರೇಷನ್ ಕ್ಯಾನ್ಸಲ್."

ಆರು ವರ್ಷದ ದುಡಿಮೆ ನೀರುಪಾಲಾಗುವ ಭಯದಲ್ಲಿ ಪ್ರದ್ಯುಮ್ನ ಗುಬ್ಬಿಯಲ್ಲಿ ಬಸ್ಸು ಬದಲಿಸಿ ಹಾಗಲವಾಡಿಗೆ ಬಂದಿಳಿದ. ಟೀ ಅಂಗಡಿಯಲ್ಲಿ ವಿಷಯ ಹೇಳಿದ್ದೇ ತಪ್ಪಾಯಿತು.

"ಮಳೆ ಆಫೀಸ್ನೋರು ಬಂದವ್ರೆ!" ಎಂದು ಜನ ಮುತ್ತಿಕೊಂಡರು.

"ಸಾರ್, ಗುರುವಾರ ನಮ್ಮನೆ ಗೃಹಪ್ರವೇಶ. ಶಾಮಿಯಾನ ಹಾಕ್ಸಾನಾ?" ಎಂದನೊಬ್ಬ.

"ಅದು ನಂಗೊತ್ತಿಲ್ಲ. ನಾನು ನೂರು ವರ್ಷಕ್ಕೊಂದ್ಸಲ ಬರೋ ಮಳೆ ಲೆಕ್ಕ ಹಾಕೋನು."

"ನೂರು ವರ್ಷದ್ದು ಗೊತ್ತು, ಗುರುವಾರದ್ದು ಗೊತ್ತಿಲ್ವಾ!" ಅಂಗಡಿಯೆಲ್ಲ ನಕ್ಕಿತು.

ಮಳೆ ಅಳೆದು ಬರೆಯುವ ಆಂಜನಪ್ಪ ಅಲ್ಲೇ ಟೀ ಕುಡಿಯುತ್ತಿದ್ದ. ನಾಲ್ಕು ವರ್ಷದ ಹಿಂದಿನ ಅವನ ಅಂಕಿ ತಪ್ಪಿರಬಹುದೇ ಎಂದು ಪ್ರದ್ಯುಮ್ನ ಕೇಳಿದ್ದೇ ತಡ, ಅವನು ಲೋಟ ಕುಕ್ಕಿ ಎದ್ದ. "ಏನ್ ಸಾರ್, ದಿನಾ ಬೆಳಗ್ಗೆ ನಾನೇ ಕೈಯಾರೆ ಅಳೀತೀನಿ. ಸುಳ್ಳು ಬರ್ದೆ ಅಂತೀರಾ?" ಊರೆಲ್ಲ ಅವನ ಪರ ನಿಂತಿತು. ಅಷ್ಟೂ ಜನ ಪ್ರದ್ಯುಮ್ನನನ್ನು ನಡುವೆ ಹಾಕಿಕೊಂಡು, ಕಳ್ಳನನ್ನು ಕರೆದೊಯ್ಯುವಂತೆ ಮಳೆಮಾಪಕದ ಹತ್ತಿರ ನಡೆಸಿದರು.

ಅದು ಇದ್ದದ್ದು ಹನುಮಂತಮ್ಮನ ಹಿತ್ತಲ ಬೇಲಿಯ ಪಕ್ಕ. ನಾಲ್ಕು ವರ್ಷದ ಹಿಂದಿನ ಮಳೆಯ ಗದ್ದಲ ಕೇಳಿ ಆಕೆ ಹೊರಗೆ ಬಂದರು.

"ಆ ವರ್ಸ ಒಂದ್ಸಲ ನಾನು ಊರಲ್ಲಿರ್ನಿಲ್ಲ ಸೋಮಿ," ಎಂದು ಕೇಳುವ ಮೊದಲೇ ತಪ್ಪೊಪ್ಪಿಕೊಂಡರು. "ಮಗಳ ಬಾಣಂತನಕ್ಕೆ ತುಮ್ಕೂರ್ಗೋಗಿದ್ದೆ. ಸರ್ಕಾರಿ ಸಾಮಾನು, ಪೂರ್ತಿ ನೆಂದೋಯ್ತು ಪಾಪ."

"ಅಂದ್ರೆ?" ಎಂದ ಪ್ರದ್ಯುಮ್ನ.

"ಸಣ್ಣ ಮಳೆಗಾದ್ರೆ ಹಂಗೇ ಬುಡ್ತೀನಿ. ಜೋರಾಗಿ ಹುಯ್ದಾಗ ಅದ್ರ ಮ್ಯಾಲೆ ಬಕೆಟ್ ಕವುಚಾಕಿ ಬತ್ತೀನಿ. ಆಂಜನಪ್ಪ ಬರೋ ಹೊತ್ಗೆ ತೆಗ್ದಿಡ್ತೀನಿ. ಮದ್ವೆಯಾಗಿ ಬಂದಾಗಿಂದ ತಪ್ಪಿದ್ದು ಅದೊಂದೇ ಸಲ."

ಆಂಜನಪ್ಪ ಬೇಲಿ ಹಿಡಿದುಕೊಂಡ. ಪ್ರದ್ಯುಮ್ನನಿಗೆ ಅಳು ಬಂತು. ಅಷ್ಟರಲ್ಲಿ ಗೈಡ್ ಫೋನು.

"ಏನಾಯ್ತಪ್ಪ? ಆ ಒಂದು ಅಂಕಿ ತಪ್ಪು ತಾನೇ?"

"ಇಲ್ಲ ಸಾರ್. ಅದೊಂದೇ ಸರಿ."

ಕತೆಯೆಲ್ಲ ಕೇಳಿ ಚಂದ್ರಶೇಖರಯ್ಯ, "ಹೋಗ್ಲಿ ಬಿಡೋ. ಕುಣಿಗಲ್ ಅಂಕಿಗಳನ್ನ ತಗೋ. ಅವು ಒಂದೂ ಆಚೀಚೆ ಆಗದೆ ಗೆರೆ ಮೇಲೆ ಕೂತಿವೆ ಅಂದಿದ್ಯಲ್ಲ," ಎಂದರು.

ಪ್ರದ್ಯುಮ್ನನಿಗೆ ಹೋದ ಜೀವ ಬಂದಂತಾಯಿತು. "ಹೌದು ಸಾರ್, ಕುಣಿಗಲ್ ಇದೆ! ಸೋಮವಾರ ಕೊಟ್ಟೇ ಕೊಡ್ತೀನಿ," ಎಂದು ಫೋನಿಟ್ಟ.

ಹನುಮಂತಮ್ಮನ ಮುಖ ಅರಳಿತು. "ಕುಣಿಗಲ್ ಮಳೆ ಡಬ್ಬಾನಾ? ಅದು ಇರೋದು ನಮ್ಮಕ್ಕನ ಮನೆ ಹಿಂದೇನೇ. ಅವ್ಳು ಯಾವತ್ತೂ ಊರು ಬುಟ್ಟು ಹೋದೋಳಲ್ಲ ಸೋಮಿ. ಬಕೆಟ್ ಕವುಚೋದು ನಂಗೆ ಹೇಳ್ಕೊಟ್ಟೋಳೇ ಅವ್ಳು."